ಮಾವ ರುಚಿ ನೋಡಿದ ಮಣ್ಣು

ನಮ್ಮ ಯಜಮಾನರು ವಿಮಾನ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದವರು. ಬೇರೆಯವರು ಮಾಡಿಟ್ಟ ಬಿಡಿಭಾಗಗಳನ್ನು ಅಳೆಯುವುದು, ಸರಿಯಿದ್ದರೆ ಹಸಿರು ಚೀಟಿ ಕಟ್ಟುವುದು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕೆಂಪು ಚೀಟಿ ಕಟ್ಟುವುದು, ಇಷ್ಟೇ ಅವರ ಕೆಲಸ. ನಿವೃತ್ತರಾದ ಮೇಲೆ ಎರಡು ತಿಂಗಳು ಮನೆಯ ಸಾಮಾನುಗಳನ್ನೇ ಅಳೆದರು. ಚಪಾತಿ ಒಂದು ಕಡೆ ದಪ್ಪ, ಒಂದು ಕಡೆ ತೆಳು ಎಂದ ದಿನ ನಾನು ಲಟ್ಟಣಿಗೆಯನ್ನು ಅವರ ಕೈಗೇ ಕೊಟ್ಟು ಅಂಗಡಿಗೆ ಹೊರಟುಬಿಟ್ಟೆ. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿಯಿದೆ.

ಅದೇ ಸಂಜೆ ಬಂದು ನೋಡಿದರೆ ಮೊಬೈಲಿನಲ್ಲಿ ಒಂದು ವಿಡಿಯೋ ನೋಡುತ್ತಾ ಕೂತಿದ್ದರು. ಯಾವುದೋ ಚಳಿದೇಶದಲ್ಲಿ ಒಬ್ಬ ಮನುಷ್ಯ ಕುಂಬಳಕಾಯಿಯನ್ನು ಕೊರೆದು, ಅದರೊಳಗೆ ಕೂತು, ಕೆರೆಯಲ್ಲಿ ಹುಟ್ಟು ಹಾಕುತ್ತಿದ್ದ. ಯಜಮಾನರು ಅದನ್ನು ಮೂರು ಸಲ ನೋಡಿದರು. ಅವರಿಗೆ ದೋಣಿಯ ಮೇಲೆ ಆಸೆಯಿರಲಿಲ್ಲ. ಒಂದು ಕಾಯಿ ಅಷ್ಟು ದೊಡ್ಡದಾಗಬೇಕಾದರೆ ಕೆಳಗಿನ ಮಣ್ಣು ಎಷ್ಟು ಕರಾರುವಾಕ್ಕಾಗಿರಬೇಕು ಎಂಬುದೇ ಅವರ ತಲೆಗೆ ಹತ್ತಿತ್ತು. ಹಳೆಯ ಸಹೋದ್ಯೋಗಿಯೊಬ್ಬರ ಮಗಳು ಹೊರದೇಶದಿಂದ ಬರುವಾಗ ಆ ಜಾತಿಯ ಐದು ಬೀಜ ತಂದುಕೊಟ್ಟಳು. ಒಂದೊಂದೂ ಹೆಬ್ಬೆರಳ ಉಗುರಿಗಿಂತ ದೊಡ್ಡದು. ಅವು ನಮ್ಮ ದೇವರ ಗೂಡಿನಲ್ಲಿ ಕುಂಕುಮದ ಭರಣಿಯ ಪಕ್ಕ ಸ್ಟೀಲ್ ಡಬ್ಬಿಯಲ್ಲಿ ಕೂತವು.

ನಮ್ಮದು ಕಗ್ಗದಾಸಪುರದ ಹಳೆಯ ಒಕ್ಕಲು ಮನೆ. ಹೊಲವೆಲ್ಲ ಸೈಟುಗಳಾಗಿ ಹೋದ ಮೇಲೆ ಉಳಿದಿರುವುದು ಒಂದು ಮೂರಂತಸ್ತಿನ ಕಟ್ಟಡ, ಅದರ ತುಂಬ ಬಾಡಿಗೆಯವರು, ಪಕ್ಕದಲ್ಲಿ ಒಂದು ಖಾಲಿ ಸೈಟು. ಮಾವನಿಗೆ ಎಂಬತ್ತನಾಲ್ಕು. ಈ ಜಾಗದಲ್ಲೇ ರಾಗಿ, ಅವರೆ, ಹುಚ್ಚೆಳ್ಳು ಬೆಳೆದ ಕೈ ಅವರದು. ಮಗ ಮಣ್ಣಿನ ಪರೀಕ್ಷೆ ಮಾಡಿಸುತ್ತೇನೆಂದಾಗ ಅವರು, ಅದಕ್ಕೆ ಪರೀಕ್ಷೆ ಯಾಕೆ, ಒಂದು ಚಿಟಿಕೆ ನಾಲಿಗೆ ಮೇಲಿಟ್ಟುಕೊಂಡರೆ ಗೊತ್ತಾಗುತ್ತದೆ ಎಂದರು. ಯಜಮಾನರು, ಅಪ್ಪನ ನಾಲಿಗೆಗೆ ಅಳತೆಪಟ್ಟಿ ಇಲ್ಲ ಎಂದು ನನ್ನ ಹತ್ತಿರ ಮಾತ್ರ ಹೇಳಿದರು.

ಮಣ್ಣಿನ ಮಾದರಿ ತೆಗೆಯುವುದಕ್ಕೆ ಒಂದು ಕ್ರಮವಿದೆಯಂತೆ. ಸೈಟಿನ ಉದ್ದಕ್ಕೂ ಹಾವು ಹರಿದ ಹಾಗೆ ನಡೆಯುತ್ತಾ ಹತ್ತು ಹನ್ನೆರಡು ಕಡೆ ಗೇಣುದ್ದ ಗುಂಡಿ ತೋಡಬೇಕು, ಗುಂಡಿಯ ಗೋಡೆಯಿಂದ ಮಣ್ಣು ಕೆರೆಯಬೇಕು, ಎಲ್ಲ ಬೆರೆಸಿ ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ಎಸೆಯಬೇಕು, ಅರ್ಧ ಕೆ.ಜಿ. ಉಳಿಯುವ ತನಕ ಹೀಗೆಯೇ ಮಾಡಬೇಕು, ಆಮೇಲೆ ನೆರಳಲ್ಲಿ ಒಣಗಿಸಿ ಬಟ್ಟೆಚೀಲಕ್ಕೆ ತುಂಬಬೇಕು. ಯಜಮಾನರು ಇದನ್ನೆಲ್ಲ ಕಾರ್ಖಾನೆಯ ಹಳೆಯ ನೀಲಿ ಕೋಟು ಹಾಕಿಕೊಂಡು ಮಾಡಿದರು. ಬಾಡಿಗೆಯವರು ಬಾಲ್ಕನಿಗಳಲ್ಲಿ ನಿಂತು ನೋಡಿದರು. ಮೊದಲನೇ ಮಹಡಿಯ ಹೆಂಗಸು ಸೈಟು ಮಾರುತ್ತಿದ್ದೀರಾ ಎಂದು ನನ್ನನ್ನು ಕೇಳಿದಳು. ಕುಂಬಳಕಾಯಿಗೆ ಎಂದೆ. ಅವಳು ನಂಬದೆ ಒಳಗೆ ಹೋದಳು.

ನಾನು ಬ್ಲೌಸ್ ಲೈನಿಂಗಿನ ಉಳಿಕೆ ಬಟ್ಟೆಯಲ್ಲಿ ಒಂದೇ ಥರದ ಆರು ಚೀಲ ಹೊಲಿದುಕೊಟ್ಟೆ. ಅವರು ಮಣ್ಣನ್ನು ಮಹಡಿ ಮೇಲೆ ಪೇಪರು ಹರಡಿ ಒಣಗಿಸಿ, ನನ್ನ ಹಿಟ್ಟಿನ ಜರಡಿಯಲ್ಲಿ ಜರಡಿ ಹಿಡಿದು, ಮೆತ್ತಗೆ ಪುಡಿ ಮಾಡಿ ಒಂದು ಚೀಲಕ್ಕೆ ತುಂಬಿದರು. ಅದೇ ವಾರ ನಾನು ಮಾವನಿಗೆ ರಾಗಿ ಹುರಿಹಿಟ್ಟು ಮಾಡಿಸಿದ್ದೆ. ಡಬ್ಬ ತೊಳೆದು ಒಣಗಲು ಬೋರಲು ಹಾಕಿದ್ದರಿಂದ ಹಿಟ್ಟನ್ನೂ ಅಂಥದೇ ಒಂದು ಚೀಲಕ್ಕೆ ಹಾಕಿ ಅದೇ ಶೆಲ್ಫಿನಲ್ಲಿಟ್ಟೆ. ಎರಡರ ಬಣ್ಣವೂ ಹೆಚ್ಚುಕಡಿಮೆ ಒಂದೇ. ತಪ್ಪು ನನ್ನದೇ.

ಯಜಮಾನರು ಚೀಲ ತೆಗೆದುಕೊಂಡು ಊರಿನ ಇನ್ನೊಂದು ತುದಿಯಲ್ಲಿದ್ದ ಕೃಷಿ ಕಾಲೇಜಿನ ಮಣ್ಣು ಪರೀಕ್ಷೆಯ ಲ್ಯಾಬಿಗೆ ಹೋಗಿ, ಹಿಂದಿನ ಬೆಳೆ ರಾಗಿ, ಮುಂದಿನ ಬೆಳೆ ಕುಂಬಳ ಎಂದು ಫಾರಂ ತುಂಬಿಸಿ ಕೊಟ್ಟು ಬಂದರು. ಮೂರನೇ ದಿನ ಅಲ್ಲಿಂದ ಒಬ್ಬ ಹೆಣ್ಣುಮಗಳ ಫೋನು ಬಂತು. ಯಜಮಾನರು ಸ್ಪೀಕರಿಗೆ ಹಾಕಿ, ಪೆನ್ನು ಹಿಡಿದು ಕೂತರು.

"ಸರ್, ನಿಮ್ ಸ್ಯಾಂಪಲ್‌ಗೆ ನೀರು ಹಾಕಿದ್ರೆ ಗಂಜಿ ಥರ ಆಗ್ತಿದೆ," ಎಂದಳು ಆಕೆ.

ಜೇಡಿಯ ಅಂಶ ಹೆಚ್ಚಿರಬಹುದು ಎಂದು ಯಜಮಾನರು ಗಂಭೀರವಾಗಿ ಬರೆದುಕೊಂಡರು. ಆಕೆ, ಇರುವೆಯೂ ಬಂದಿದೆ, ನಮ್ಮ ಮೇಷ್ಟ್ರು ಮೂಸಿ ನೋಡಿ ಏಲಕ್ಕಿ ವಾಸನೆ ಬರುತ್ತಿದೆ ಅಂತಾರೆ, ನೀವು ಭೂಮಿಗೆ ಏನು ಹಾಕ್ತಿದ್ದೀರಿ ಎಂದು ಕೇಳಿದಳು.

ಏಲಕ್ಕಿ ಎಂದ ಕೂಡಲೇ ನಾನು ಶೆಲ್ಫಿನ ಕಡೆ ತಿರುಗಿದೆ. ಹುರಿಹಿಟ್ಟಿಗೆ ಏಲಕ್ಕಿ ಹಾಕಿದವಳು ನಾನು. ಹಾಗಾದರೆ ಶೆಲ್ಫಿನಲ್ಲಿ ಉಳಿದಿದ್ದ ಚೀಲದಿಂದ ಮೂರು ಬೆಳಗಿನಿಂದ ನಾನು ಮಾವನಿಗೆ ಬಿಸಿ ಹಾಲು, ಬೆಲ್ಲ ಹಾಕಿ ಕಲಸಿ ಕೊಡುತ್ತಿದ್ದದ್ದು ಏನು?

ಜಗಲಿಗೆ ಓಡಿದೆ. ಮಾವ ಪೇಪರು ಓದುತ್ತಾ ಕೂತಿದ್ದರು. ಮೂರು ದಿನವೂ ಅವರು ಬಟ್ಟಲಲ್ಲಿ ಅರ್ಧ ಬಿಟ್ಟಿದ್ದರು. ವಯಸ್ಸಾಯಿತು, ಹಸಿವು ಕಡಿಮೆ ಎಂದುಕೊಂಡಿದ್ದೆ. ನಾನು ಅಳುತ್ತಾ ವಿಷಯ ಹೇಳಿದೆ. ಮಾವ ಕನ್ನಡಕ ತೆಗೆದರು.

"ಗೊತ್ತಾಯ್ತು ಕಣಮ್ಮಣ್ಣಿ. ಮೊದಲ್ನೇ ತುತ್ತಲ್ಲೇ ಗೊತ್ತಾಯ್ತು. ಮಣ್ಣಲ್ಲಿ ಸುಣ್ಣ ಜಾಸ್ತಿ ಐತೆ."

ಗೊತ್ತಾಗಿಯೂ ಯಾಕೆ ತಿಂದಿರಿ ಎಂದು ಕೇಳಿದ್ದಕ್ಕೆ, ಸೊಸೆ ಪ್ರೀತಿಯಿಂದ ಬೆಲ್ಲ ಹಾಕಿ ಕೊಟ್ಟದ್ದನ್ನು ಬೇಡ ಅನ್ನುವುದು ಹೇಗೆ, ಈಗ ಡಾಕ್ಟರುಗಳು ಏನೇನನ್ನೋ ತಿನ್ನಿ ಅಂತಾರೆ, ಇದೂ ಅಂಥದೇ ಒಂದಿರಬೇಕು ಅಂದುಕೊಂಡೆ ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಯಜಮಾನರು ಮಾತ್ರ ಬಾಗಿಲಲ್ಲಿ ನಿಂತು, ಅಪ್ಪ ಹೇಳಿದ್ದನ್ನೂ ಬರೆದುಕೊಂಡರು.

ಮಾವನನ್ನು ನಮ್ಮ ಬೀದಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಹೊಟ್ಟೆ ಒತ್ತಿ ನೋಡಿದರು, ನಾಲಿಗೆ ನೋಡಿದರು, ಒಟ್ಟು ಎಷ್ಟು ಹೋಗಿರಬಹುದು ಎಂದು ಕೇಳಿದರು. ಯಜಮಾನರು ಚೀಲವನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿಯೇ ಬಂದಿದ್ದರಿಂದ ಗ್ರಾಂ ಲೆಕ್ಕದಲ್ಲಿ ಹೇಳಿದರು. ಡಾಕ್ಟರು ಹುಳುವಿಗೊಂದು ಮಾತ್ರೆ ಬರೆದುಕೊಟ್ಟು, ಲ್ಯಾಬಿನವರು ಮಣ್ಣಿನ ಬಗ್ಗೆ ಏನಾದರೂ ಹೇಳಿದರೆ ತಮಗೂ ತಿಳಿಸಿ ಎಂದರು. ಅವರಿಗೂ ಟೆರೇಸಿನಲ್ಲಿ ಟೊಮೇಟೊ ಬರುತ್ತಿರಲಿಲ್ಲವಂತೆ.

ಎರಡನೇ ಸಲ ನಿಜವಾದ ಮಣ್ಣೇ ಹೋಯಿತು. ವರದಿ ಬಂದಾಗ ಹುಳಿ ಕ್ಷಾರ ಅಳೆಯುವ ಪಿಎಚ್ ಎಂಟು ಪಾಯಿಂಟ್ ನಾಲ್ಕು ಇತ್ತು. ಕುಂಬಳಕ್ಕೆ ಆರೂವರೆಯ ಆಸುಪಾಸು ಬೇಕು. ಕೆಳಗೆ ಷರಾ ಇತ್ತು: ಸುಣ್ಣದ ಅಂಶ ಹೆಚ್ಚು. ಯಜಮಾನರು ಕಾಗದವನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿದರು. ಮಾವ ಬಾಯಿ ಮುಕ್ಕಳಿಸಿ ಬರಲು ಎದ್ದು ಹೋದರು.

ಸುಣ್ಣಕ್ಕೆ ಹುಳಿಯೇ ಮದ್ದು ಎಂದುಕೊಂಡು ಯಜಮಾನರು ದಿನಾ ಬೆಳಿಗ್ಗೆ ಮಾರ್ಕೆಟ್ ರಸ್ತೆಯ ದರ್ಶಿನಿಗಳಿಗೆ ಹೋಗಿ ಬಕೆಟ್ಟುಗಟ್ಟಲೆ ಕಾಫಿ ಚರಟ ತರತೊಡಗಿದರು. ಸೈಟಿನ ತುಂಬ ಹರಡಿದರು. ಮೂರು ವಾರದಲ್ಲಿ ನಮ್ಮ ಬೀದಿಯೆಲ್ಲ ಫಿಲ್ಟರ್ ಕಾಫಿ ವಾಸನೆ. ಪಾರ್ಸೆಲ್ ಕೊಡುತ್ತೀರಾ ಎಂದು ಇಬ್ಬರು ಬೈಕ್ ನಿಲ್ಲಿಸಿ ಕೇಳಿದರು. ಪಿಎಚ್ ಮಾತ್ರ ಎಂಟರಿಂದ ಕೆಳಗಿಳಿಯಲಿಲ್ಲ.

ಆಮೇಲೆ ನೀರು ಇಂಗುವ ಪರೀಕ್ಷೆ. ಆರು ಗುಂಡಿ ತೋಡಿ, ತಲಾ ಒಂದು ಬಕೆಟ್ ನೀರು ಹಾಕಿ, ಸ್ಟಾಪ್‌ವಾಚ್ ಹಿಡಿದು ಕೂರುವುದು. ಐದು ಗುಂಡಿಗಳಲ್ಲಿ ನೀರು ಇಂಗಿತು. ನಾಲ್ಕನೆಯದರಲ್ಲಿ ಮಧ್ಯಾಹ್ನ ಊಟ ಮುಗಿಸಿ ಬಂದರೂ ಹಾಕಿದ ನೀರು ಹಾಕಿದಷ್ಟೇ ಇತ್ತು. ಕೆಳಗೆ ಜೇಡಿಯ ಪದರ ಇರಬೇಕೆಂದು ಯಜಮಾನರು ಪುಸ್ತಕದಲ್ಲಿ ಅಡ್ಡಸೀಳಿನ ಚಿತ್ರ ಬರೆದರು. ಅಗೆದು ನೋಡಿದರೆ ಅದು ವಾಶ್‌ಬೇಸಿನ್. ರಬ್ಬರ್ ಬಿರಡೆ ಇನ್ನೂ ಅದರ ತೂತಿನಲ್ಲೇ ಇತ್ತು. ಅದನ್ನೆತ್ತಿದ ಮೇಲೆ ಒಂದೊಂದಾಗಿ ಹೊರಬಂದವು: ಒಡೆದ ಟೈಲ್ಸು, ಗಟ್ಟಿಯಾದ ಸಿಮೆಂಟು ಚೀಲ, ಸುಣ್ಣದ ಡ್ರಮ್ಮು, ಒಂಟಿ ಗಮ್‌ಬೂಟು. ಯಜಮಾನರು ಸಂಜೆ ಸೈಟಿನ ಗೇಟಿಗೆ ಒಂದು ಕೆಂಪು ಚೀಟಿ ಕಟ್ಟಿದರು.

ಆ ಚೀಟಿ ನೋಡಿ ಕೇಳಲು ಬಂದವಳು ನೆಲಮಹಡಿಯ ಹಿಂದಿನ ರೂಮಿನ ಹೆಂಗಸು. ಯಾದಗಿರಿ ಕಡೆಯವಳು, ಗಂಡ ಹೆಂಡಿರಿಬ್ಬರೂ ಗಾರೆ ಕೆಲಸದವರು. ಐದು ವರ್ಷದಿಂದ ನಮ್ಮಲ್ಲಿ ಬಾಡಿಗೆಗಿದ್ದರೂ ಅವಳು ನನ್ನ ಹತ್ತಿರ ನೀರಿನ ಮೋಟರು, ಕರೆಂಟು ಬಿಟ್ಟು ಬೇರೆ ಮಾತಾಡಿದ್ದೇ ಕಡಿಮೆ. ಸೆರಗು ಸೊಂಟಕ್ಕೆ ಸಿಗಿಸಿ ಗುಂಡಿಗೆ ಇಣುಕಿ ನೋಡಿದಳು.

"ಇದು ಮಣ್ಣಲ್ರೀ ಅಕ್ಕಾರ. ಇದನ್ನ ನಾನಽ ಹೊತ್ತು ಹಾಕೀನ್ರಿ."

ನಮ್ಮ ಕಟ್ಟಡ ಕಟ್ಟುವಾಗ, ಸುಮಾರು ಇಪ್ಪತ್ತು ವರ್ಷದ ಹಿಂದೆ, ಅವಳು ಹೊಸದಾಗಿ ಮದುವೆಯಾಗಿ ಊರಿಂದ ಬಂದು ಮೊದಲು ಬುಟ್ಟಿ ಹೊತ್ತದ್ದು ಇಲ್ಲೇ. ಪಾಯ ತೆಗೆದಾಗ ಸಿಕ್ಕ ಒಳ್ಳೇ ಮಣ್ಣನ್ನೆಲ್ಲ, ಪಕ್ಕದ ಸೈಟಿನ ಮೇಲ್ಮಣ್ಣನ್ನೂ ಸೇರಿಸಿ, ಮೇಸ್ತ್ರಿ ಇಂದಿರಾನಗರದ ಒಂದು ಬಂಗಲೆಯ ತೋಟಕ್ಕೆ ಕಳಿಸಿದನಂತೆ. ಆ ತಗ್ಗಿಗೆ ಕಟ್ಟಡದ ಕಸ ತುಂಬಿಸಿದನಂತೆ. ನಾವು ಆಗ ಒಂದು ವರ್ಷ ವಿಮಾನಪುರದ ಕ್ವಾರ್ಟರ್ಸಿನಲ್ಲಿದ್ದೆವು, ನೋಡಲಿಲ್ಲ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದೆ. ಯಾರು ಕೇಳಿದರು ಎಂದಳು. ಮಣ್ಣು ಇಳಿಸಲು ಅವಳೂ ಲಾರಿಯ ಮೇಲೆ ಕೂತು ಹೋಗಿದ್ದಳು. ಆ ಮನೆ ಇನ್ನೂ ಗುರುತಿದೆ, ದುಂಡನೆ ಕಿಟಕಿ, ಗೇಟಿನ ಹತ್ತಿರ ದೊಡ್ಡ ಗುಲ್‌ಮೊಹರ್ ಮರ ಎಂದಳು.

ಜಗಲಿಯಿಂದ ಮಾವ ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಅವರು ಒಳಗೆ ಹೋಗಿ ಬಿಳಿ ಶರಟು, ಪಂಚೆ ಹಾಕಿಕೊಂಡು ಬಂದು, ಹೋಗೋಣ ಎಂದರು. ಹೊತ್ತು ಮುಳುಗುತ್ತಿದೆ, ನಾಳೆ ಹೋಗೋಣ ಎಂದು ಕೂರಿಸಬೇಕಾಯಿತು.

ಮರುದಿನ ಮಂಗಳವಾರ, ನನ್ನ ಅಂಗಡಿಗೆ ರಜೆ. ಮಾವ, ನಾನು, ಯಾದಗಿರಿಯವಳು ಆಟೋದಲ್ಲಿ, ಯಜಮಾನರು ಹಿಂದೆ ಸ್ಕೂಟರಿನಲ್ಲಿ. ಇಂದಿರಾನಗರದ ಅಡ್ಡರಸ್ತೆಗಳಲ್ಲಿ ಅವಳು ಆಟೋ ಡ್ರೈವರಿಗೆ ಎಡ ಬಲ ಹೇಳಿದಳು. ದುಂಡು ಕಿಟಕಿ ಸಿಕ್ಕಿತು, ಗುಲ್‌ಮೊಹರೂ ಸಿಕ್ಕಿತು. ಬಂಗಲೆ ಮಾತ್ರ ಕೆಫೆಯಾಗಿತ್ತು. ಅಂಗಳದಲ್ಲಿ ಮೇಜು ಕುರ್ಚಿ, ಲ್ಯಾಪ್‌ಟಾಪು ಬಿಚ್ಚಿಕೊಂಡ ಜನ, ಕೆಳಗೆ ಹಚ್ಚಹಸಿರು ಹುಲ್ಲು. ಯಾದಗಿರಿಯವಳು ಬಗ್ಗಿ ಮುಟ್ಟಿ ನೋಡಿ, ಪ್ಲಾಸ್ಟಿಕ್ಕು ಎಂದಳು.

ನಾವು ಒಂದು ಮೇಜಿನ ಸುತ್ತ ಕೂತೆವು. ಮಾವ ಮಾತ್ರ ಕೂರಲಿಲ್ಲ. ಅವರು ಹತ್ತಿರದ ಕುಂಡದಿಂದ ಒಂದು ಚಿಟಿಕೆ ತೆಗೆದು ನಾಲಿಗೆಗಿಟ್ಟು, ತೆಂಗಿನ ನಾರು ಎಂದು ಉಗುಳಿದರು. ಇನ್ನೊಂದು ಕುಂಡ ನೋಡಿದರು, ಅದೂ ಅಲ್ಲ. ಪಕ್ಕದ ಮೇಜಿನ ಹುಡುಗಿ ತನ್ನ ಕಾಫಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಅಷ್ಟರಲ್ಲಿ ಯಜಮಾನರು ಗುಲ್‌ಮೊಹರ್ ಬುಡದಲ್ಲಿ ಮಂಡಿಯೂರಿ, ಹುಲ್ಲಿನ ಚಾಪೆಯ ಅಂಚನ್ನು ಎತ್ತಿ, ಕರಣೆಯಿಂದ ಕ್ರಮಪ್ರಕಾರ ಗೇಣುದ್ದ ಗುಂಡಿ ತೋಡತೊಡಗಿದ್ದರು. ಕೆಫೆಯ ಮ್ಯಾನೇಜರ್ ಹೆಂಗಸು ದಡಬಡ ಬಂದಳು.

"ಸರ್, ನೀವು ಯಾವ ಡಿಪಾರ್ಟ್‌ಮೆಂಟು?"

"ಇನ್‌ಸ್ಪೆಕ್ಷನ್," ಎಂದುಬಿಟ್ಟರು ಯಜಮಾನರು. ರಿಟೈರಾಗಿ ಐದು ತಿಂಗಳಾಗಿದ್ದರೂ ಆ ಉತ್ತರ ತಾನಾಗಿ ಬಂತು.

ಆಕೆ ಅದನ್ನು ಆಹಾರ ಇಲಾಖೆಯ ತಪಾಸಣೆ ಎಂದುಕೊಂಡಳು. ನಾನು ಬಾಯಿ ತೆರೆಯುವ ಮೊದಲೇ ಅವರನ್ನು ಅಡುಗೆಮನೆಗೆ ಕರೆದುಕೊಂಡು ಹೋದಳು. ಅವರು ಹೋದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳುವವರಲ್ಲ, ಆದರೆ ಯಾರಾದರೂ ಪರೀಕ್ಷಿಸಿ ಎಂದು ಕೇಳಿದರೆ ಬೇಡ ಎನ್ನುವ ಶಕ್ತಿ ಅವರಿಗಿಲ್ಲ. ಕಾಲುಗಂಟೆ ಬರಲಿಲ್ಲ. ಆಮೇಲೆ ತಿಳಿಯಿತು, ಫ್ರಿಜ್ಜಿನ ಬಾಗಿಲ ರಬ್ಬರ್ ಸಡಿಲವಾಗಿದೆ, ಒಂದು ನಲ್ಲಿ ಸೋರುತ್ತಿದೆ, ಒಲೆಯ ಮೇಲಿನ ಫ್ಯಾನಿನ ಒಂದು ಬೋಲ್ಟಿಗೆ ವಾಷರ್ ಇಲ್ಲ ಎಂದು ಅವರು ಬರೆಸಿದ್ದರಂತೆ. ಆಕೆ ಎಲ್ಲಕ್ಕೂ ಸಹಿ ಹಾಕಿದ್ದಳಂತೆ.

ಇತ್ತ ಮಾವ ಮರದ ಬುಡದ ಗುಂಡಿಯ ಹತ್ತಿರ ನಿಧಾನವಾಗಿ ಕುಕ್ಕರಗಾಲಲ್ಲಿ ಕೂತರು. ನಾನು ತೋಳು ಹಿಡಿದುಕೊಂಡೆ. ಕೆಮ್ಮಣ್ಣಿನ ಒಂದು ಹೆಂಟೆಯನ್ನು ಬೆರಳಲ್ಲಿ ಪುಡಿ ಮಾಡಿ ನಾಲಿಗೆಗಿಟ್ಟುಕೊಂಡರು. ಕಣ್ಣು ಮುಚ್ಚಿದರು. ಅಷ್ಟು ಹೊತ್ತು ಅವರು ಏನನ್ನೂ ಸವಿದದ್ದನ್ನು ನಾನು ನೋಡಿರಲಿಲ್ಲ.

"ನಮ್ದೇ ಕಣಮ್ಮ," ಎಂದರು. "ಬಾವಿ ಪಕ್ಕದ ಹೊಲದ್ದು."

ಮ್ಯಾನೇಜರ್ ಜೊತೆ ಹೊರಬಂದ ಯಜಮಾನರು ಅಪ್ಪನ ಮುಖ ನೋಡಿ ಎಲ್ಲವನ್ನೂ ಒಪ್ಪಿಕೊಂಡರು. ತಾವು ಯಾವ ಇಲಾಖೆಯವರೂ ಅಲ್ಲ, ಕುಂಬಳಕಾಯಿಗಾಗಿ ಬಂದಿದ್ದೇವೆ, ಈ ಮಣ್ಣು ಇಪ್ಪತ್ತು ವರ್ಷದ ಹಿಂದೆ ನಮ್ಮ ಮನೆಯಿಂದ ಬಂದದ್ದು, ಇಳಿಸಿದವರು ಇವರೇ ಎಂದು ಯಾದಗಿರಿಯವಳನ್ನು ತೋರಿಸಿದರು. ಮ್ಯಾನೇಜರ್ ನಮ್ಮ ನಾಲ್ವರನ್ನೂ ಒಬ್ಬೊಬ್ಬರಾಗಿ ನೋಡಿದಳು. ಸಿಟ್ಟಾಗುತ್ತಾಳೆ ಎಂದುಕೊಂಡೆ. ಅವಳು ಕುರ್ಚಿ ಎಳೆದು ಕೂತು, ಒಂದು ಲೋಟ ನೀರು ಕುಡಿದಳು. ಮುಂದಿನ ತಿಂಗಳು ಗೆದ್ದಲಿನ ಕಾಟಕ್ಕೆ ಹುಲ್ಲಿನ ಚಾಪೆ ಕಿತ್ತು ಕಾಂಕ್ರೀಟ್ ಹಾಕಿಸುತ್ತಿದ್ದೇವೆ, ಮಣ್ಣು ತೆಗೆಸುವುದೇ ತಲೆನೋವಾಗಿತ್ತು, ಮರದ ಬೇರು ಬಿಟ್ಟು ಉಳಿದದ್ದನ್ನೆಲ್ಲ ಒಯ್ಯಿರಿ ಎಂದಳು. ಆ ವಾಷರ್ ಯಾವ ಅಳತೆಯದು ಎಂದೂ ಕೇಳಿ ಬರೆಸಿಕೊಂಡಳು.

ಹೀಗೆ ನಮ್ಮ ಮಣ್ಣು ಲಗೇಜ್ ಆಟೋದಲ್ಲಿ ಹತ್ತೆಂಟು ಸಲ ಓಡಾಡಿ ಕಗ್ಗದಾಸಪುರಕ್ಕೆ ವಾಪಸು ಬಂತು. ಯಾದಗಿರಿಯವಳು, ಅವಳ ಗಂಡ, ಅವರ ಊರಿನ ಇನ್ನಿಬ್ಬರು ಸೇರಿ ಸೈಟಿನ ನಡುವೆ ಆಳೆತ್ತರದಷ್ಟು ಅಗಲದ ತಗ್ಗು ತೆಗೆದು, ಕಸವನ್ನೆಲ್ಲ ಬಳಿದು ಹೊರಹಾಕಿ, ಆ ಮಣ್ಣನ್ನು ತುಂಬಿದರು. ಹಲಸೂರಿನ ಕೊಟ್ಟಿಗೆಯೊಂದರಿಂದ ಹಳೇ ಸಗಣಿ ಗೊಬ್ಬರ ಬಂತು, ಬೇವಿನ ಹಿಂಡಿ ಬಂತು. ಮೂರನೇ ವರದಿಯಲ್ಲಿ ಪಿಎಚ್ ಆರು ಪಾಯಿಂಟ್ ಏಳು. ಯಜಮಾನರು ವರದಿಯನ್ನು ಅಪ್ಪನಿಗೆ ಓದಿ ಹೇಳಿದರು. ಗೊಬ್ಬರ ಒಂದು ಬುಟ್ಟಿ ಹೆಚ್ಚಾಯಿತು, ನಾಲಿಗೆ ತುದಿಗೆ ಉಪ್ಪು ತಾಗುತ್ತಿದೆ ಎಂದರು ಮಾವ. ವರದಿಯ ಎರಡನೇ ಪುಟದಲ್ಲಿ ಲವಣಾಂಶ ಸ್ವಲ್ಪ ಹೆಚ್ಚು ಎಂದಿತ್ತು. ಅಂದಿನಿಂದ ಯಜಮಾನರ ಪುಸ್ತಕದಲ್ಲಿ ಪಿಎಚ್ ಪಕ್ಕ 'ಅಪ್ಪ' ಎಂದು ಇನ್ನೊಂದು ಕಾಲಂ ಸೇರಿತು.

ಐದು ಬೀಜದಲ್ಲಿ ಎರಡು ಮೊಳೆತವು, ಒಂದು ಉಳಿಯಿತು. ಬಳ್ಳಿ ಸೈಟು ದಾಟಿ ಗೇಟು ಹತ್ತಿತು. ಬೆಳಿಗ್ಗೆ ಯಜಮಾನರು ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಸವರುವಾಗ ಮೊದಲನೇ ಮಹಡಿಯ ಹೆಂಗಸು ನಾಚಿ ಮುಖ ತಿರುಗಿಸುತ್ತಿದ್ದಳು. ಒಂದೇ ಕಾಯಿ ಉಳಿಸಿಕೊಂಡೆವು. ನಾನು ವಾರಕ್ಕೊಮ್ಮೆ ಟೇಪು ಹಿಡಿದು ಅದರ ಸುತ್ತಳತೆ ತೆಗೆಯುತ್ತಿದ್ದೆ. ಬ್ಲೌಸಿನ ಯಾವ ಅಳತೆಗೂ ಸಿಗದ ಹಾಗೆ ಅದು ಬೆಳೆಯಿತು. ಬೇಕಾಗಿದ್ದದ್ದು ಇನ್ನೂರು ಕೆ.ಜಿ. ಆದರೆ ಒಂದು ವಾರ ಬಿಡದೆ ಮಳೆ ಹೊಡೆದು ತೊಟ್ಟಿನ ಹತ್ತಿರ ಬಿರುಕು ಬಿಟ್ಟಿತು. ಕೊಯ್ಯಲೇಬೇಕಾಯಿತು. ನಾಲ್ಕು ಜನ ಗೋಣಿಯಲ್ಲಿ ಹೊತ್ತು ಗುಜರಿ ಅಂಗಡಿಯ ಕಾಟಾಕ್ಕೆ ಹಾಕಿದರೆ ಐವತ್ತಮೂರು ಕೆ.ಜಿ.

ಯಜಮಾನರು ಎರಡು ದಿನ ಪುಸ್ತಕ ತೆರೆಯಲಿಲ್ಲ. ಮೂರನೇ ದಿನ ಯಾದಗಿರಿಯವಳ ಗಂಡ ಗರಗಸ ತಂದು ಅದನ್ನು ಕೊಯ್ದ. ಒಳಗೆ ನಮ್ಮ ರೈಸ್ ಕುಕ್ಕರ್ ಇಡುವಷ್ಟು ಟೊಳ್ಳು. ಕಟ್ಟಡದ ಎಲ್ಲ ಮನೆಗೂ ಹಂಚಿದೆವು. ಡಾಕ್ಟರಿಗೂ, ಲ್ಯಾಬಿನ ಹೆಣ್ಣುಮಗಳಿಗೂ, ಕೆಫೆಗೂ ಒಂದೊಂದು ಹೋಳು ಹೋಯಿತು. ಯಾದಗಿರಿಯವಳು ಗುರೆಳ್ಳು ಪುಡಿ ಹಾಕಿ ಪಲ್ಯ ಮಾಡಿ ಜೋಳದ ರೊಟ್ಟಿಯ ಜೊತೆ ನಮಗೂ ತಂದಳು. ನೀರು ನೀರಾಗಿತ್ತು. ಆದರೂ ನಾವು ಹಾಕಿಸಿಕೊಂಡು ತಿಂದೆವು. ಮಾವ ಮಾತ್ರ ಮುಟ್ಟಲಿಲ್ಲ. ತನಗೆ ಚಿಕ್ಕಂದಿನಿಂದಲೂ ಕುಂಬಳ ಸೇರುವುದಿಲ್ಲ ಎಂದರು. ಇಷ್ಟು ತಿಂಗಳಲ್ಲಿ ಒಮ್ಮೆಯೂ ಹೇಳಲಿಲ್ಲವಲ್ಲ ಎಂದು ಯಜಮಾನರು ಕೇಳಿದರೆ, ಕುಂಬಳ ನಿಂದು, ನಾನು ಮಣ್ಣು ನೋಡ್ಕೊಂಡಿದ್ದೆ ಎಂದರು.

ಬಳ್ಳಿ ಕಿತ್ತ ಮೇಲೆ ಸೈಟು ಬರಿದಾಯಿತು. ಸಂಜೆ ಹೊತ್ತು ಮಾವ ಅಲ್ಲೇ ಕುರ್ಚಿ ಹಾಕಿಸಿಕೊಂಡು, ಚಪ್ಪಲಿ ಬಿಟ್ಟು, ಬರಿಗಾಲನ್ನು ಮಣ್ಣಿನ ಮೇಲಿಟ್ಟು ಕೂರುತ್ತಾರೆ. ಹಾಗೆ ತುಳಿದರೆ ಮಣ್ಣು ಗಟ್ಟಿಯಾಗುತ್ತದೆ ಎಂದು ಯಜಮಾನರು ಕಾಲಿಡಲು ಒಂದು ಹಲಗೆ ತಂದು ಹಾಕಿದ್ದಾರೆ. ಅವರು ಒಳಗೆ ಹೋದ ಕೂಡಲೇ ಮಾವ ಹಲಗೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸುತ್ತಾರೆ.